ಪುಂಡಿಯ ಆವಿಗೆ ಹಿಡಿದ ರೆಕ್ಕೆ

ಅಕ್ಕಿಯ ಉಂಡೆ, ಅಂದರೆ ಪುಂಡಿ ಬೇಯಿಸುವ ಪಾತ್ರೆಯ ಮುಚ್ಚಳ ತೆಗೆದಾಗ ಆವಿ ಮುಖಕ್ಕೆ ಬಡಿದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ತೋಡಾರಿನ ನಮ್ಮ ಮನೆಯಲ್ಲಿ ಒಂದು ರಜೆಯಲ್ಲಿ ಅಣ್ಣ ಫೋಮ್ ಶೀಟಿನಿಂದ ರಿಮೋಟ್ ವಿಮಾನ ಮಾಡಿದ್ದ. ಟೆರೇಸಿನ ಬಿಸಿಲಲ್ಲಿ ಇಟ್ಟು ಅದರ ರೆಕ್ಕೆ ತಿರುಚಿಕೊಂಡಿತ್ತು. ಗದ್ದೆಯಲ್ಲಿ ಹಾರಿಸಿದಾಗ ಒಂದೇ ಬದಿಗೆ ವಾಲಿ ನೇರ ನನ್ನ ಮೇಲೆಯೇ ಬಂತು. ಅದರ ಫ್ಯಾನು ನನ್ನ ಕಿವಿಯ ಪಕ್ಕದಲ್ಲೇ ಗುಂಯ್ ಎಂದು ಹೋಗಿ ಹಿಂದಿನ ಗೋಡೆಗೆ ಬಡಿಯಿತು. ದೇವರು ದೊಡ್ಡವನು, ಕಿವಿ ಉಳಿಯಿತು.

ಮಧ್ಯಾಹ್ನ ಅಣ್ಣ ರೆಕ್ಕೆ ಕಳಚಿ, ಅಮ್ಮ ಒಲೆಯ ಮೇಲಿಟ್ಟಿದ್ದ ಪುಂಡಿಯ ಆವಿಗೆ ಹಿಡಿದ. ಮೆತ್ತಗಾದದ್ದೇ ವಿರುದ್ಧ ದಿಕ್ಕಿಗೆ ತಿರುಚಿ, ಒಂದು ತುದಿ ನನ್ನ ಕೈಗೆ ಕೊಟ್ಟ.

"ತಣಿಯುವವರೆಗೆ ಬಿಡಬೇಡ ಮಾರಾಯ್ತಿ. ಬಿಟ್ಟರೆ ಪುನಃ ನಿನ್ನನ್ನೇ ಹುಡುಕಿಕೊಂಡು ಬರ್ತದೆ."

ಮನಸ್ಸಿನಲ್ಲೇ ದೇವರ ಹೆಸರು ಹೇಳುತ್ತಾ ಹಿಡಿದೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

"ಇನ್ನು ಇದನ್ನು ಎಲ್ಲಿ ಇಡ್ತಿ?" ಅಂತ ಅಣ್ಣನನ್ನು ಕೇಳಿದರು.

"ಬಿಸಿಲು ಬೀಳದ ಕಡೆ, ಸಮತಟ್ಟಾಗಿ ಇಡಬೇಕಮ್ಮ."

"ಹಾಗಾದರೆ ದೇವರ ಕೋಣೆಯಲ್ಲಿ ಜಾಗ ಉಂಟು."

ರೆಕ್ಕೆ ತಣಿದದ್ದೇ ಅಮ್ಮ ಅದನ್ನು ಒಳಗೆ ಕೊಂಡುಹೋದರು. ಆ ಕೋಣೆಗೆ ಸ್ನಾನ ಮಾಡದೆ ಯಾರೂ ಕಾಲಿಡುವ ಹಾಗಿರಲಿಲ್ಲ. ರಜೆಯಲ್ಲಿ ಅಣ್ಣ ಸ್ನಾನ ಮಾಡುತ್ತಿದ್ದದ್ದು ವಿಮಾನ ಹಾರಿಸಲಾಗದಷ್ಟು ಕತ್ತಲಾದ ಮೇಲೆ.