ಕಾಟಯ್ಯನ ಕಾಲಿನ ಬ್ರೇಕು

"ಅಯ್ಯಯ್ಯೋ, ಕಾಲ್ ಯಾಕ್ ಮುಟ್ತೀಯವ್ವ!" ಎಂದು ಕಾಟಯ್ಯ ಕುರ್ಚಿಯಲ್ಲಿ ನೆಟ್ಟಗಾದ. ಮರುಕ್ಷಣವೇ ಕೈ ಚಾಚಿ ಸುಚಿತ್ರಾಳ ತಲೆಯ ಮೇಲಿಟ್ಟು, "ನೂರು ವರ್ಷ ಬಾಳು ತಾಯಿ, ಹಟ್ಟಿ ತುಂಬ ಮರಿ ಆಗ್ಲಿ" ಎಂದು ಹರಸಿಯೂ ಬಿಟ್ಟ.

ಹಿರಿಯೂರಿನ ಬಸ್‌ಸ್ಟ್ಯಾಂಡ್ ಎದುರಿನ ಮೊದಲ ಮಹಡಿಯಲ್ಲಿ ಸುಚಿತ್ರಾ ಹೊಸದಾಗಿ ತೆರೆದ ರಿಫ್ಲೆಕ್ಸಾಲಜಿ ಕೇಂದ್ರ ಅದು. ಗೋಡೆಯ ಮೇಲೆ ಎರಡು ಭಾರೀ ಪಾದಗಳ ಪಟ. ಹೆಬ್ಬೆರಳಿನಲ್ಲಿ ತಲೆ, ನಡುವೆ ಹೊಟ್ಟೆ, ಹಿಮ್ಮಡಿಯಲ್ಲಿ ಸೊಂಟ. ಅಂಗಾಲು ಒತ್ತಿದರೆ ಟೆನ್ಷನ್ ಇಳಿಯುತ್ತದಂತೆ ಎಂದು ಕೇಳಿ ಲತಾ ತನ್ನ ಮಾವ ಕಾಟಯ್ಯನನ್ನು ಜವನಗೊಂಡನಹಳ್ಳಿಯಿಂದ ಹೊರಡಿಸಿಕೊಂಡು ಬಂದಿದ್ದಳು. ನಿಜ ಹೇಳಬೇಕೆಂದರೆ ಮಾವನಿಗೆ ಟೆನ್ಷನ್ ಇರಲಿಲ್ಲ, ಅವನು ಅದನ್ನು ಊರಿಗೆಲ್ಲ ಹಂಚುತ್ತಿದ್ದ. ಲತಾಳ ಮಗಳು ಯಶೋದಾಳಿಗೆ ಬಂದ ಎರಡು ಸಂಬಂಧಗಳು ಅವನ ಬಾಯಿಂದಲೇ ಮುರಿದಿದ್ದವು. ಹೊಸದುರ್ಗದವರು "ಹುಡುಗಿ ಸ್ವಲ್ಪ ನಡೀಲಿ, ನೋಡಾಣ" ಅಂದಿದ್ದಕ್ಕೆ, "ಟಗರು ಯಾಪಾರಕ್ಕೆ ಬಂದೀರೇನ್ರಲೇ? ಮೊದ್ಲು ನಿಮ್ ಹುಡುಗನ ಹಲ್ಲು ಎಣಿಸ್ತೀನಿ, ಬಾಯಿ ತೆಗೆಸ್ರಿ!" ಎಂದು ಎದ್ದೇ ಬಿಟ್ಟಿದ್ದ. ಈ ಭಾನುವಾರ ಬರುವ ಹೊಳಲ್ಕೆರೆಯ ಗಿರೀಶ, ಯಶೋದಾ ತಾನೇ ಮೆಚ್ಚಿದ ಹುಡುಗ, ಬಿ.ಎಡ್.ನಲ್ಲಿ ಜೊತೆಗೆ ಓದಿದವನು. "ಈ ಸಲ ತಾತ ಬಾಯಿ ಬಿಟ್ರೆ, ನಾನು ಮದುವೇನೇ ಬಿಟ್ಟೆ" ಎಂದು ಅವಳು ಹೇಳಿಯಾಗಿತ್ತು.

"ಉಸಿರು... ಒಳಗೆ. ಉಸಿರು... ಹೊರಗೆ," ಎಂದಳು ಸುಚಿತ್ರಾ, ರೈಲು ತಡವಾಗಿದ್ದಕ್ಕೆ ಸ್ಟೇಷನ್ನಿನ ಮೈಕಿನಲ್ಲಿ ವಿಷಾದಿಸುವ ಹೆಂಗಸಿನ ದನಿಯಲ್ಲಿ.

"ಹೊರಗೆ ಹೋಗಿದ್ದು ವಾಪಸ್ ಬರ್ತೈತಾ ನೋಡ್ಕಳವ್ವ, ವಯಸ್ಸಾಗೈತೆ."

ಐವತ್ತು ವರ್ಷ ಕುರಿಗಳ ಹಿಂದೆ ಅಲೆದ ಅಂಗಾಲು ಅದು, ಲಾರಿ ಟೈರಿಗೆ ಸಮ. ಸುಚಿತ್ರಾ ಹೆಬ್ಬೆರಳಲ್ಲಿ ಒತ್ತಿದಳು, ಗೆಣ್ಣಿನಲ್ಲಿ ಒತ್ತಿದಳು, ಕೊನೆಗೆ ಮರದ ಕಡ್ಡಿ ತೆಗೆದುಕೊಂಡು ಮೈಭಾರವೆಲ್ಲ ಬಿಟ್ಟಳು. "ನೋಯ್ತಿದೆಯಾ ಅಜ್ಜ?"

"ಶುರು ಮಾಡಿದ್ಯಾ?" ಎಂದ ಕಾಟಯ್ಯ.

ಅಷ್ಟರಲ್ಲಿ ಕಡ್ಡಿ ಜಾರಿ, ಅಂಗಾಲಿನಲ್ಲಿ ಉಳಿದಿದ್ದ ಒಂದೇ ಒಂದು ಮೆತ್ತನೆಯ ಜಾಗಕ್ಕೆ ಚುಚ್ಚಿತು. "ಎಲಾ ಇವಳ! ನಿನ್ ಬಾಯಿಗೆ..." ಲತಾ ಕಣ್ಣು ಮುಚ್ಚಿಕೊಂಡಳು. ಹೆದರಿದ ಸುಚಿತ್ರಾ ಎರಡೂ ಪಾದಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಕಾಟಯ್ಯನ ಗಂಟಲಲ್ಲಿ ಏನೋ ಗೇರು ಬದಲಾದಂತೆ ಕರಕರ ಸದ್ದಾಗಿ, "...ಹಾಲು ಬೆಲ್ಲ ಬೀಳ್ಲಿ ತಾಯಿ" ಎಂಬ ಮಾತು ಹೊರಬಿತ್ತು.

"ಯಾಕ್ ಮಾವ, ಬೈಲಿಲ್ಲ?" ಲತಾಳಿಗೆ ನಂಬಿಕೆ ಬರಲಿಲ್ಲ.

"ಕಾಲು ಹಿಡ್ಕಂಡೈತಲ್ಲೇ ಈ ಹುಡ್ಗಿ! ಯಾರಾನ ಕಾಲು ಹಿಡ್ಕಂಡಿರೋವಾಗ ಬಾಯಾಗೆ ಕೆಟ್ಟ ಮಾತು ಬಂದ್ರೆ ಹಟ್ಟಿ ಮರಿ ಉಳಿಯಲ್ಲ ಅಂತ ನಮ್ಮಪ್ಪ ಆಣೆ ಹಾಕ್ಸಿದ್ದ."

ಹಬ್ಬಕ್ಕೊಮ್ಮೆ ಎಲ್ಲರೂ ಆ ಕಾಲು ಮುಟ್ಟಿ ಪಟ್ಟನೆ ಕೈ ತೆಗೆಯುತ್ತಿದ್ದರು. ಹಿಡಿದೇ ಕೂತವರು ಇದುವರೆಗೆ ಯಾರೂ ಇರಲಿಲ್ಲ. ಲತಾ ನಿಧಾನಕ್ಕೆ ಸುಚಿತ್ರಾಳ ಕಡೆ ತಿರುಗಿದಳು. "ಮೇಡಂ, ಭಾನುವಾರ ಬಿಡುವೈತಾ?"

ಭಾನುವಾರ ಪಡಸಾಲೆಯಲ್ಲಿ ಕಾಟಯ್ಯ ಕುರ್ಚಿಯ ಮೇಲೆ, ಸುಚಿತ್ರಾ ಮಣೆಯ ಮೇಲೆ, ಅವನ ಎರಡೂ ಕಾಲು ಅವಳ ಮಡಿಲಲ್ಲಿ. "ಟ್ರೀಟ್‌ಮೆಂಟು, ಮಧ್ಯ ನಿಲ್ಸಂಗಿಲ್ಲ" ಎಂದು ಲತಾ ಬೀಗರಿಗೆ ತಿಳಿಸಿದಳು. ಗಿರೀಶನ ದೊಡ್ಡಪ್ಪ ಬೋರಣ್ಣ ಕಾಫಿ ಮೂಸಿ ನೋಡಿದ.

"ಅಲ್ರೀ ಯಜಮಾನ್ರೇ, ಇನ್ನೂ ಕುರಿ ಸಾಕ್ತೀರಾ? ನಾವು ಅದೆಲ್ಲ ಬಿಟ್ಟು ಮೂವತ್ತು ವರ್ಷ ಆತು. ಕಾಫಿ ಒಳಗೂ ವಾಸ್ನೆ ಐತಲ್ರೀ."

ಕಾಟಯ್ಯನ ಮೀಸೆ ಎದ್ದು ನಿಂತಿತು. "ನಿನ್ ಮನೆ..." ಸುಚಿತ್ರಾ ಎರಡೂ ಹೆಬ್ಬೆರಳು ಊರಿದಳು. "...ಮನೆ ತುಂಬ ಕುರಿ ಆಗ್ಲಿ!"

ಇದು ಹರಕೆಯೋ ಶಾಪವೋ ಬೋರಣ್ಣನಿಗೆ ತಿಳಿಯಲಿಲ್ಲ. ಅಭ್ಯಾಸಬಲದಿಂದ ಕೈ ಮುಗಿದ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಒಪ್ಪಿಗೆಯಾಯಿತು. ಗಿರೀಶ ನಮಸ್ಕಾರ ಮಾಡಲು ಬಂದು ಬಗ್ಗಿದರೆ, ಅಲ್ಲಿ ಖಾಲಿ ಕಾಲೇ ಇರಲಿಲ್ಲ. ಮರಗಟ್ಟಿದ ಬೆರಳುಗಳನ್ನು ಸಡಿಲಿಸಿ ಸುಚಿತ್ರಾ ಪಕ್ಕಕ್ಕೆ ಸರಿದಳು. ಸರಿಯಾಗಿ ಆಗಲೇ ಬೋರಣ್ಣ ಅಡಿಕೆ ಬಾಯಿಗೆ ಎಸೆದುಕೊಂಡು, "ಎಲ್ಲಾ ಸರಿ, ಹುಡುಗಿ ಆ ಬಾಗಿಲ ತನ್ಕ ಒಂದೀಟು ನಡೀಲಿ, ನೋಡಾಣ" ಅಂದ.

ಕಾಟಯ್ಯನ ಎದೆ ಉಬ್ಬಿತು, ಬಾಯಿ ತೆರೆಯಿತು. ಗಿರೀಶ ಎಲ್ಲ ಅಳಿಯಂದಿರಂತೆ ಎರಡು ಬೆರಳು ತಾಗಿಸಿ ಕೈ ತೆಗೆಯುವುದರಲ್ಲಿದ್ದ.

"ಕಾಲು ಬಿಡಬ್ಯಾಡ್ರಿ!" ಒಳಗಿನಿಂದ ಯಶೋದಾ ಕೂಗಿದಳು. "ಗಟ್ಟಿಗೆ ಹಿಡ್ಕಳ್ರಿ!"

ಗಿರೀಶ ಎರಡೂ ಕೈಗಳಲ್ಲಿ ಕಾಲನ್ನು ತಬ್ಬಿಕೊಂಡ. ಗಂಟಲು ಕರಕರ ಅಂದಿತು. "ನಡೀತಾಳಪ್ಪ," ಎಂದ ಕಾಟಯ್ಯ, ಹಲ್ಲು ಕಚ್ಚಿಕೊಂಡು. "ನಿಮ್ಮನೆ ತನಕ ನಡೀತಾಳೆ. ನೂರು ವರ್ಷ ನಿಮ್ಮನ್ನೂ ನಡೆಸ್ತಾಳೆ."

ಎಲ್ಲರೂ ನಕ್ಕರು. ಬಗ್ಗಿದಲ್ಲೇ ಇದ್ದ ಗಿರೀಶ ಮೆಲ್ಲಗೆ ಕತ್ತು ಹೊರಳಿಸಿ ಸುಚಿತ್ರಾಳನ್ನು ಕೇಳಿದ, "ಮೇಡಂ, ಇದನ್ನ ಎಷ್ಟೊತ್ತು ಹಿಡ್ಕಂಡಿರ್ಬೇಕು?"

ಸುಚಿತ್ರಾ ಹೆಬ್ಬೆರಳುಗಳನ್ನು ಊದಿಕೊಳ್ಳುತ್ತ, ಅದೇ ರೈಲಿನ ದನಿಯಲ್ಲಿ ಹೇಳಿದಳು, "ತಾಳಿ ಕಟ್ಟೋ ತನಕ."