ಕೆಂಚಣ್ಣನ ಕುರುಡು ರಾಣಿ

ಬರೆದಿಟ್ಟುಕೊಳ್ಳಿ ಸ್ವಾಮಿ, ರೌಡಿ ಕೆಂಚಣ್ಣನ ಮಚ್ಚಿನ ಮುಂದೆ ಕಣ್ಣು ಮಿಟುಕಿಸದೆ ನಿಂತ ಒಬ್ಬನೇ ಗಂಡು ನಮ್ಮ ತಿಪ್ಪೇಶಿ!

ಜೈಲಿಗೆ ಹೋಗುವಾಗ ಕೆಂಚಣ್ಣ ತಾನು ಸಾಕಿದ್ದ ಕುರುಡು ಗೋಲ್ಡ್‌ಫಿಶ್ ರಾಣಿಯನ್ನು ಅವನ ಕೈಗಿಟ್ಟು, "ಇದರ ಉಸಿರು ನಿಂತ ದಿನಾನೇ ನಿನ್ನ ತಿಥಿ ಕಣೋ" ಎಂದಿದ್ದ. ಎರಡು ವರ್ಷದ ಮೇಲೆ ಹೊರಬಂದವನು, ತನ್ನ ವಿರುದ್ಧ ಸಾಕ್ಷಿ ಹೇಳಿದವನ ಕೈ ಕತ್ತರಿಸಿ ನೇರ ತಿಪ್ಪೇಶಿಯ ಮನೆಗೇ ಬಂದ. ಮಚ್ಚಿನ ಮೇಲೆ ರಕ್ತ ಇನ್ನೂ ಆರಿರಲಿಲ್ಲ.

"ರಾಣಿ ಎಲ್ಲೋ?"

"ಮಹಾರಾಣಿ ಥರ ಸಾಕಿದೀನಿ. ತೊಟ್ಟಿ ಗಾಜು ತಟ್ಟಿ ನೋಡಣ್ಣ, ಸದ್ದು ಕೇಳ್ಕೊಂಡು ಊಟಕ್ಕೆ ಬರುತ್ತೆ."

ಕೆಂಚಣ್ಣ ಬೆರಳಿನಿಂದ ಟಕಟಕ ತಟ್ಟಿದ. ಮೀನು ಬಂದು ಬಾಯಿ ತೆರೆಯಿತು. ಅವನ ಕಣ್ಣು ತುಂಬಿತು.

"ಲೇ, ನೀನು ನನ್ನ ತಮ್ಮ ಕಣೋ! ಇನ್ಮೇಲೆ ನಿನ್ನ ಮುಟ್ಟಿದೋನ್ನ ಹಿಂಗೇ ಸೀಳ್ತೀನಿ!" ಎಂದು ಖುಷಿಗೆ ಮಚ್ಚು ಬೀಸಿದ.

ಗಾಜಿನಾಚೆ ಮಚ್ಚು ಮಿಂಚಿದ್ದೇ ತಡ, ಮೀನು ಬೆದರಿ ಕಲ್ಲಿನ ಹಿಂದೆ ಅಡಗಿತು.

ಕೆಂಚಣ್ಣನ ನಗು ನಿಂತಿತು. "ಕುರುಡಿಗೆ ಮಚ್ಚು ಹೆಂಗೋ ಕಾಣ್ತು?"

ತಿಪ್ಪೇಶಿ ಕಣ್ಣು ಮಿಟುಕಿಸಿದ. ಮಿಟುಕಿಸುತ್ತಲೇ ಇದ್ದ.

"ಅಣ್ಣಾ... ಇದು ಮೂರನೇ ರಾಣಿ."