ಐಸ್ ಡಬ್ಬಿ

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ, ತೀರಿಕೊಂಡ ಗಂಡ ಲ್ಯಾಬಿನಿಂದ ಎರವಲು ತಂದಿದ್ದ ಐಸ್ ಡಬ್ಬಿಯನ್ನು ಹಿಂತಿರುಗಿಸಲು ಹೋದೆ.

“ಜೀನ್ ತಿದ್ದೋದು ಬಿಟ್ರೆ ಸರ್‌ಗೆ ಬೇರೆ ಲೋಕವೇ ಇರ್ಲಿಲ್ಲ ಮೇಡಂ,” ಎಂದಳು ಅವರ ವಿದ್ಯಾರ್ಥಿನಿ.

“ನನ್ನನ್ನೂ ಮರೆತಿದ್ರು. ಯಾರಿಗೋಸ್ಕರ ಅಷ್ಟು ಒದ್ದಾಡಿದ್ರೋ!”

“ಒಬ್ಬ ಪೇಶೆಂಟ್‌ಗೆ. ವಂಶದಿಂದ ಬಂದ ನರದ ಕಾಯಿಲೆ, ಇನ್ನು ನಾಲ್ಕೈದು ವರ್ಷಕ್ಕೆ ಶುರುವಾಗುತ್ತಂತೆ. ಆಕೆಗೇ ಗೊತ್ತಿಲ್ಲ. ವಾಸಿ ಮಾಡೋದು ಕಲಿತ ಮೇಲೇ ಹೇಳ್ತೀನಿ ಅಂತಿದ್ರು.”

“ಪಾಪ. ಇನ್ನು ಯಾರು ಹೇಳ್ತಾರೆ ಅವಳಿಗೆ?”

“ಹೆಸರೇ ಬರೆದಿಲ್ಲ ಮೇಡಂ. ಯುಗಾದಿ ದಿನ ಆಕೆ ರಕ್ತ ತಂದಿದ್ರು, ಇದೇ ಡಬ್ಬೀಲಿ.”

ಯುಗಾದಿಯ ಬೆಳಿಗ್ಗೆ ಬೇವು-ಬೆಲ್ಲ ಬಾಯಿಗಿಡುವ ಮೊದಲೇ, ಸಕ್ಕರೆ ಕಾಯಿಲೆ ಇದೆಯೇ ನೋಡೋಣವೆಂದು ಅವರು ಸೂಜಿ ಚುಚ್ಚಿದ್ದ ನನ್ನ ಬಲಗೈಯಿಂದಲೇ ಡಬ್ಬಿಯನ್ನು ಅವಳಿಗೆ ಕೊಟ್ಟೆ.